ಕೋಟಿಗೊಂದು ಬೆರಕೆ



ಹೋದ ತಿಂಗಳು ನನ್ನ ಹಳೆಯ ಕಾರಿನ ಮುಂದಿನ ಚಕ್ರ ತಿರುವಿನಲ್ಲಿ ಕಟಕಟ ಅನ್ನತೊಡಗಿತು. ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಾಲಾಗಿ ಗ್ಯಾರೇಜುಗಳಿವೆ. ಅಲ್ಲೊಂದಕ್ಕೆ ಒಯ್ದೆ. ಮೆಕ್ಯಾನಿಕ್ ಹುಡುಗ ಆಕ್ಸಲ್ಲಿನ ಕೀಲು ಬಿಚ್ಚಿ, ಒರೆಸಿ, ಡಬ್ಬಿಯಿಂದ ಎರಡು ಬೆರಳಲ್ಲಿ ಕಪ್ಪು ಮುದ್ದೆ ತೆಗೆದು ಒಳಗೆ ತುರುಕಿದ. "ಮಾಮೂಲಿ ಗ್ರೀಸ್ ಅಲ್ಲ ಸಾರ್, ಇದು ಮಾಲಿ ಗ್ರೀಸ್" ಅಂದ. ನಾನೂ ಒಂದಿಷ್ಟು ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದೆ. ಜಿಡ್ಡು ಒರೆಸಿದ ಮೇಲೂ ಚರ್ಮದ ಗೆರೆಗಳಲ್ಲಿ ಬೂದುಗಪ್ಪು ಹೊಳಪೊಂದು ಕೂತೇಬಿಟ್ಟಿತು. ಸೋಪು ಹಾಕಿದೆ, ಹುಣಸೆಹಣ್ಣು ಹಾಕಿದೆ, ಎರಡು ದಿನ ಹೋಗಲಿಲ್ಲ. ಮನೆಯಲ್ಲಿ ಬೈಸಿಕೊಂಡದ್ದೇ ಲಾಭ.

ನನಗೆ ಮಾತ್ರ ಆ ಕಪ್ಪು ನೋಡಿ ಖುಷಿಯಾಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ಬದುಕಿದವನು ನಾನು. ಆ ಹೊಳಪಿನ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್. ಮಾಲಿಬ್ಡಿನಮ್ ಒಂದು ಲೋಹ, ಜೊತೆಗಿರುವುದು ಗಂಧಕ. ಇದೇ ವಸ್ತುವನ್ನು ಒಂದೇ ಒಂದು ಪದರವಾಗಿ ಬೆಳೆಸಿ, ಅದರಲ್ಲಿ ಟ್ರಾನ್ಸಿಸ್ಟರು ಮಾಡಲು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಊರಿನ ಒಂದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದಾಳೆ. ಗ್ಯಾರೇಜಿನವನು ಬೆರಳಲ್ಲಿ ಬಾಚಿ ತುರುಕಿದ್ದನ್ನು ಅವಳು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾಳೆ.

ಪದರ ಅಂದರೆ ಏನು ಅನ್ನುವುದು ನಮ್ಮಲ್ಲಿ ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾಗೆಬಂಗಾರ ಆಯ್ದು ಆಡಿದವರಿಗೆ ಗೊತ್ತು. ಉಗುರು ತೂರಿಸಿದರೆ ಸಾಕು, ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಬರುತ್ತದೆ. ಇನ್ನು ಸಾಕು ಅನ್ನಿಸುವಷ್ಟು ತೆಳ್ಳಗಾದ ಮೇಲೂ ಅದರೊಳಗೆ ಇನ್ನೂ ಸಾವಿರಾರು ಹಾಳೆ ಉಳಿದಿರುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡೂ ಇದೇ ಜಾತಿ. ಒಂದು ಹಾಳೆಯೊಳಗೆ ಮೂರು ಸಾಲು ಪರಮಾಣು. ನಡುವೆ ಮಾಲಿಬ್ಡಿನಮ್, ಮೇಲೊಂದು ಕೆಳಗೊಂದು ಗಂಧಕ. ಆ ಮೂರೂ ಒಂದಕ್ಕೊಂದು ಭದ್ರವಾಗಿ ಬೆಸೆದುಕೊಂಡಿವೆ. ಆದರೆ ಹಾಳೆಗೂ ಹಾಳೆಗೂ ನಡುವೆ ನಂಟು ತೀರ ಸಡಿಲ, ಒತ್ತಿದರೆ ಜಾರುತ್ತವೆ. ಆಕ್ಸಲ್ಲಿನ ಕೀಲಿನಲ್ಲಿ ಅದಕ್ಕಿರುವ ಕೆಲಸವೇ ಆ ಜಾರುವಿಕೆ. ಒಂದು ಹಾಳೆಯ ದಪ್ಪ 0.65 ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ದಪ್ಪಕ್ಕೆ ಒಂದು ಲಕ್ಷದಷ್ಟು ಹಾಳೆ ಜೋಡಿಸಬೇಕು.

2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೀಮ್ ಮತ್ತು ನೊವೊಸೆಲೊವ್ ಗ್ರ್ಯಾಫೈಟಿಗೆ ಅಂಟುಪಟ್ಟಿ ಹಚ್ಚಿ ಕಿತ್ತು ಕಿತ್ತು ಒಂದೇ ಹಾಳೆ ಬಿಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. ಗ್ರ್ಯಾಫೀನ್ ಎಂಬ ಆ ಹಾಳೆಗೆ ಒಂದು ತೊಂದರೆ ಇದೆ. ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ನಿಲ್ಲಿಸಲು ಮಾತ್ರ ಅದಕ್ಕೆ ಬರುವುದಿಲ್ಲ. ಮುಚ್ಚಲು ಬಾರದ ನಲ್ಲಿಯಿಂದ ಸ್ವಿಚ್ಚು ಮಾಡುವುದು ಹೇಗೆ? ಹಾಗಾಗಿ ಕಣ್ಣು ಮಾಲಿಬ್ಡಿನಮ್ ಡೈಸಲ್ಫೈಡ್ ಕಡೆ ತಿರುಗಿತು, ಅದು ಹುಟ್ಟಾ ಅರೆವಾಹಕ. 2010ರಲ್ಲೇ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಸಲ್ಫೈಡುಗಳನ್ನು ಗ್ರ್ಯಾಫೀನಿನಂತೆ ಕೆಲವೇ ಹಾಳೆಗಳಾಗಿ ರಾಸಾಯನಿಕವಾಗಿ ತಯಾರಿಸಿ ಪ್ರಕಟಿಸಿತು. ಮರುವರ್ಷ ಸ್ವಿಟ್ಜರ್‌ಲೆಂಡಿನ ಲೊಸಾನಿನಲ್ಲಿ ಒಂದೇ ಹಾಳೆಯ ಟ್ರಾನ್ಸಿಸ್ಟರು ಚೆನ್ನಾಗಿ ಕೆಲಸ ಮಾಡಿತು. ಅಂಟುಪಟ್ಟಿಯಲ್ಲಿ ಕೀಳುವುದು ಒಂದು ಪ್ರಬಂಧಕ್ಕೆ ಸಾಕು, ಕಾರ್ಖಾನೆಗೆ ಸಾಲದು. ಅಲ್ಲಿಗೆ ಬೆಳೆಸಲೇಬೇಕು.

ಬೆಳೆಸಿದರೂ ಮುಗಿಯಲಿಲ್ಲ. ಇಲ್ಲಿಂದ ಶುರುವಾಗುವುದು ಬೆರಕೆಯ ಕಥೆ, ನಾನು ಇವತ್ತು ನಿಜವಾಗಿ ಹೇಳಬೇಕೆಂದಿರುವುದು.

ಕಲಬೆರಕೆ ಅಂದರೆ ನಮಗೆ ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ. ಶುದ್ಧವಾದದ್ದೇ ಒಳ್ಳೆಯದು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಆದರೆ ಅಪ್ಪಟ ಶುದ್ಧ ಸಿಲಿಕಾನು ಎಲೆಕ್ಟ್ರಾನಿಕ್ಸಿಗೆ ಹೆಚ್ಚುಕಡಿಮೆ ನಿರುಪಯೋಗಿ. ಅದರಲ್ಲಿ ಹರಿದಾಡಲು ಬಿಡಿ ಎಲೆಕ್ಟ್ರಾನುಗಳೇ ಸಾಲವು. ಅದಕ್ಕೆ ಕೋಟಿ ಪರಮಾಣುಗಳ ನಡುವೆ ಒಂದೇ ಒಂದು ರಂಜಕದ ಪರಮಾಣು ಸೇರಿಸಿ, ವಿದ್ಯುತ್ತು ಲಕ್ಷ ಪಾಲಿಗೂ ಮೀರಿ ಸಲೀಸಾಗಿ ಹರಿಯುತ್ತದೆ. ಕೋಟಿಗೊಂದು! 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ. ಆ ಲೆಕ್ಕದಲ್ಲಿ ಇಡೀ ನಾಡಿಗೆ ಆರು ಜನ ಹೊಸಬರು ಬಂದು ನಾಡಿನ ನಡವಳಿಕೆಯನ್ನೇ ಬದಲಿಸಿದ ಹಾಗೆ. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆಮೇಲೆ ಒಬ್ಬ ಹುಡುಗ, ಹೆಪ್ಪು ತಾನೇ ಬೆಳೆದು ಹಾಲನ್ನೆಲ್ಲ ಆವರಿಸುತ್ತದೆ ಸಾರ್, ರಂಜಕ ಬೆಳೆಯುವುದಿಲ್ಲವಲ್ಲ ಎಂದ. ಅವನು ಹೇಳಿದ್ದು ಸರಿ. ಅಂದಿನಿಂದ ಆ ಹೋಲಿಕೆ ಬಿಟ್ಟೆ.

ಎಲೆಕ್ಟ್ರಾನು ಕೊಡುವ ಬೆರಕೆ ಒಂದು, ಎಲೆಕ್ಟ್ರಾನಿಗೆ ಖಾಲಿ ಜಾಗ ಮಾಡಿಕೊಡುವ ಬೆರಕೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಡಯೋಡು, ಟ್ರಾನ್ಸಿಸ್ಟರು, ಸೌರಕೋಶ ಎಲ್ಲ ಹುಟ್ಟುತ್ತವೆ. ಬೊಮ್ಮನಹಳ್ಳಿಯ ಯಾವುದಾದರೂ ತಾರಸಿ ಹತ್ತಿ ಸೋಲಾರ್ ಫಲಕ ನೋಡಿ. ಬೋರಾನ್ ಬೆರೆಸಿದ ಸಿಲಿಕಾನ್ ಬಿಲ್ಲೆ, ಅದರ ಮೇಲ್ಮೈಗೆ ಕುಲುಮೆಯಲ್ಲಿ ಇಳಿಸಿದ ರಂಜಕ, ಅದರ ಮೇಲೆ ಸುಮಾರು 75 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪೊರೆ. ಆ ಕಡುನೀಲಿ ಯಾರೂ ಬಳಿದ ಬಣ್ಣವಲ್ಲ, ಪೊರೆಯ ದಪ್ಪವೇ ಆ ಬಣ್ಣ. 1989ರಲ್ಲಿ ಶುರುವಾದ ಟಾಟಾ ಬಿಪಿ ಸೋಲಾರ್, ಅಂದರೆ ಈಗಿನ ಟಾಟಾ ಪವರ್ ಸೋಲಾರ್, ನಮ್ಮ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯಲ್ಲೇ ಇಂಥ ಕೋಶಗಳನ್ನು ಮಾಡುತ್ತ ಬಂದದ್ದು.

ಅದೊಂದು ಬಿಟ್ಟರೆ, ನಮ್ಮ ಕಡೆ ಎಲೆಕ್ಟ್ರಾನಿಕ್ಸ್ ಅನ್ನುವ ಹೆಸರಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಬೆಸುಗೆ ಮತ್ತು ಕೀಬೋರ್ಡು. ಆರ್.ಕೆ. ಬಾಳಿಗರು ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸಿನ ಮೂಲಕ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆಂದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನಡುವೆ 332 ಎಕರೆ ಹಿಡಿದಾಗ ಅವರ ತಲೆಯಲ್ಲಿ ಕಾರ್ಖಾನೆಗಳಿದ್ದವು. ಬಂದದ್ದು ಬಹುಪಾಲು ಸಾಫ್ಟ್‌ವೇರು. ಬೊಮ್ಮನಹಳ್ಳಿಯ ಕೈಗಾರಿಕಾ ಗಲ್ಲಿಗಳಲ್ಲಿ ಎಲ್‌ಇಡಿ ದೀಪ, ವಿದ್ಯುತ್ ಪೆಟ್ಟಿಗೆ ಜೋಡಿಸುವವರಿದ್ದಾರೆ. ಒಳಗಿನ ಅರೆವಾಹಕ ರೀಲಿನಲ್ಲಿ ಸುತ್ತಿಕೊಂಡು ಹೊರದೇಶದಿಂದ ಬರುತ್ತದೆ. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಬೇಕು. ಆದರೆ ಹೆಸರು ಹಾಗಿಟ್ಟುಕೊಂಡ ಊರಿನಲ್ಲಿ ಒಂದು ಟ್ರಾನ್ಸಿಸ್ಟರು ಹುಟ್ಟುವುದನ್ನು ಕಂಡವರು ಎಷ್ಟು ಜನ?

ಕಂಡವರು ಒಂದು ಕಾಲದಲ್ಲಿ ಜಾಲಹಳ್ಳಿಯಲ್ಲಿದ್ದರು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳು, 1967ರಲ್ಲಿ ಸಿಲಿಕಾನ್ ಸಾಧನಗಳು ಮತ್ತು ಐಸಿ, ಹೀಗೆ ಒಂದೊಂದಾಗಿ ಮಾಡತೊಡಗಿತು. ಆಕಾಶವಾಣಿಗೆ ಪ್ರಸಾರ ಯಂತ್ರಗಳನ್ನು ಅದು ಮಾಡಿಕೊಡಲು ಶುರುಮಾಡಿದ್ದು 1964ರಲ್ಲಿ. ಆ ಕಾಲದಲ್ಲಿ ಲೋಕದಲ್ಲೆಲ್ಲ ಚಾಲ್ತಿಯಲ್ಲಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಬೆರಕೆ ಕಣ್ಣಿಗೆ ಕಾಣುತ್ತಿತ್ತು. ಬಿಲ್ಲೆಯ ಎರಡು ಬದಿಗೆ ಇಂಡಿಯಂ ಲೋಹದ ಎರಡು ಚುಕ್ಕೆ ಇಟ್ಟು ಕಾಸುವುದು, ಅದು ಕರಗಿ ಒಳಕ್ಕೆ ಇಳಿಯುವುದು. ಎರಡೂ ಕಡೆಯಿಂದ ಇಳಿದು ನಡುವೆ ಎಷ್ಟು ಉಳಿಯಿತು ಅನ್ನುವುದರ ಮೇಲೆ ರೇಡಿಯೋದ ದನಿ ನಿಂತಿತ್ತು.

ಈಗ ನನ್ನ ವಿದ್ಯಾರ್ಥಿನಿಯ ಕುಲುಮೆಯ ಹತ್ತಿರ ಹೋಗೋಣ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಓಡುತ್ತಿರುವುದರಿಂದ ಬೊಮ್ಮನಹಳ್ಳಿಯಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಊರಿನ ಆ ತುದಿ ಮುಟ್ಟುವುದು ಸಲೀಸು. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನೊಳಗೆ ಕಳೆದ ನನ್ನ ಆಯುಷ್ಯವನ್ನು ಯಾರೂ ವಾಪಸು ಕೊಡುವುದಿಲ್ಲ ಬಿಡಿ.

ಕೋಣೆಯಲ್ಲಿ ಮೇಜಿನುದ್ದಕ್ಕೂ ಮಲಗಿದ ಒಂದು ಕ್ವಾರ್ಟ್ಜ್ ಕೊಳವೆ, ತೋಳಿನಷ್ಟು ದಪ್ಪ. ಅದರ ಮೈಗೆ ಸುತ್ತಿದಂತೆ ಕುಲುಮೆ. ಒಂದು ತುದಿಯಿಂದ ಆರ್ಗಾನ್ ಅನಿಲ ಒಳಗೆ ಬರುತ್ತದೆ, ಇನ್ನೊಂದು ತುದಿಯಲ್ಲಿ ಗುಳುಗುಳು ಗುಳ್ಳೆ ಬಿಡುವ ಸೀಸೆ. ಅನಿಲ ಬರುವ ಕಡೆ ಪಿಂಗಾಣಿ ದೋಣಿಯಲ್ಲಿ ಗಂಧಕದ ಪುಡಿ. ನಡುವೆ ಇನ್ನೊಂದು ದೋಣಿಯಲ್ಲಿ ಮಾಲಿಬ್ಡಿನಮ್ ಆಕ್ಸೈಡ್, ಕೆಲವೇ ಮಿಲಿಗ್ರಾಂ, ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ಅದರ ಜೊತೆಗೆ ಚಿಟಿಕೆ ಉಪ್ಪು. ಹೌದು, ಸೋಡಿಯಂ ಕ್ಲೋರೈಡ್, ಅಡುಗೆಮನೆಯದೇ. ಅದು ಸೇರಿದರೆ ಆಕ್ಸೈಡು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಅದರ ಮುಂದೆ ನೀಲಮಣಿಯ ಅಥವಾ ಸಿಲಿಕಾನಿನ ಬಿಲ್ಲೆ. ಬಿಲ್ಲೆಯ ಹತ್ತಿರ 750 ಡಿಗ್ರಿ, ಗಂಧಕದ ಹತ್ತಿರ 200ರ ಸುತ್ತಮುತ್ತ. ಎರಡೂ ಆವಿಗಳು ಅನಿಲದಲ್ಲಿ ತೇಲಿಬಂದು ಬಿಲ್ಲೆಯ ಮೇಲೆ ಕೂಡಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಸಿದ್ಧತೆಗೆ ಅರ್ಧ ದಿನ, ತಣಿಯಲು ಇನ್ನರ್ಧ ದಿನ.

ಗಂಧಕ ಬೇಗ ಬಂದರೆ ಕೆಟ್ಟಿತು. ಆಕ್ಸೈಡಿನ ಪುಡಿಯ ಮೇಲೇ ಅದು ಚಿಪ್ಪಿನಂತೆ ಕೂತು, ಪುಡಿ ಆವಿಯಾಗುವುದೇ ನಿಲ್ಲುತ್ತದೆ. ತಡವಾಗಿ ಬಂದರೂ ಕೆಟ್ಟಿತು. ಬಿಲ್ಲೆಯ ಮೇಲೆ ಅರೆಬೆಂದ ಆಕ್ಸೈಡಿನ ಹರಳುಗಳು ಬಿದ್ದಿರುತ್ತವೆ. ಹದ ಕೂಡಿದ ದಿನ ಸೂಕ್ಷ್ಮದರ್ಶಕದಲ್ಲಿ ನೇರಳೆಹಣ್ಣಿನ ಬಣ್ಣದ ನೆಲದ ಮೇಲೆ ಸ್ವಲ್ಪವೇ ನೀಲಿಗೆ ತಿರುಗಿದ ತ್ರಿಕೋನಗಳು ಹರಡಿರುತ್ತವೆ. ನನಗೆ ಮೊದಲ ಸಲ ಏನೂ ಕಾಣಲಿಲ್ಲ. "ಅಂಚು ಹುಡುಕಿ ಸಾರ್, ಬಣ್ಣ ಹುಡುಕಬೇಡಿ" ಅಂದಳು. ಆಮೇಲೆ ಕಂಡಿತು. ಒಂದು ತ್ರಿಕೋನ ಒಂದು ಹಾಳೆ. ಎರಡು ತ್ರಿಕೋನಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಬೆಳೆದು ತಾಗಿದರೆ ನಡುವೆ ಹೊಲಿಗೆಯಂಥ ಗೆರೆ ಬೀಳುತ್ತದೆ, ಎಲೆಕ್ಟ್ರಾನು ಅಲ್ಲಿ ಎಡವುತ್ತದೆ. ಗಂಧಕ ಮಾಲಿಬ್ಡಿನಮ್ಮುಗಳ ಪಾಲು ಬದಲಾದರೆ ತ್ರಿಕೋನ ಷಟ್ಕೋನವಾಗುತ್ತದೆ. ಆಕಾರ ನೋಡಿಯೇ ಒಳಗೆ ಯಾವುದು ಹೆಚ್ಚಾಯಿತು ಎಂದು ಅವಳು ಊಹಿಸುತ್ತಾಳೆ, ಅನ್ನದ ಅಗುಳು ಒತ್ತಿ ನೋಡಿದ ಹಾಗೆ.

ನನಗೆ ಆಗ ನೆನಪಾದದ್ದು ಕಲಾಯಿಯವನು. ಬೊಮ್ಮನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಸುತ್ತ ರಾಗಿ ಹೊಲ ಇದ್ದಾಗ, ವರ್ಷಕ್ಕೊಮ್ಮೆ ಬಂದು ಮರದಡಿ ಗುಂಡಿ ತೋಡಿ ತಿದಿ ಹೂಡುತ್ತಿದ್ದ. ಹಿತ್ತಾಳೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸುತ್ತ, ಬಿಸಿಯೇರಿದ್ದು ಗೊತ್ತಾದ ಕ್ಷಣ ನವಸಾಗರದ ಪುಡಿ ಉದುರಿಸುತ್ತಿದ್ದ. ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ, ಅರಳೆಯಲ್ಲಿ ಒಂದೇ ಸುತ್ತು ಒರೆಸಿದರೆ ಪಾತ್ರೆಯ ಹೊಟ್ಟೆ ಬೆಳ್ಳಿಯಾಗುತ್ತಿತ್ತು. ತವರ ಕರಗುವುದು 232 ಡಿಗ್ರಿಗೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅವನ ಬಳಿ ಥರ್ಮಾಮೀಟರೂ ಇರಲಿಲ್ಲ. ನವಸಾಗರ ಹಾಕುವುದು ಹಿತ್ತಾಳೆಯ ಮೇಲಿನ ಆಕ್ಸೈಡ್ ಕಿತ್ತುಹಾಕಲು ಎಂದು ನಾನು ಕಲಿತದ್ದು ಕಾಲೇಜಿಗೆ ಹೋದ ಮೇಲೆ. ಪಾತ್ರೆ ಜಿಡ್ಡಾಗಿದ್ದರೆ ಪೊರೆ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ಮಾತ್ರ ಅವನು ನಮ್ಮ ಅಜ್ಜಿಗೆ ಬೈಯುತ್ತಿದ್ದ. ವಿದ್ಯಾರ್ಥಿನಿಯ ಹತ್ತಿರ ಎಲ್ಲ ಮಾಪಕಗಳೂ ಇವೆ. ಆದರೂ ಬಿಲ್ಲೆ ತೊಳೆಯುವಾಗ ಅವಳ ಮುಖ ಆ ಕಲಾಯಿಯವನ ಮುಖವೇ.

ಹಾಳೆ ಎಷ್ಟು ಬೆಳೆಯಿತು ಎಂದು ಎಣಿಸುವುದಕ್ಕೆ ನಮ್ಮ ಊರಿನ ನಂಟಿರುವ ಒಂದು ದಾರಿ ಇದೆ. ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬರುವಾಗ ಹೊತ್ತು ತಂದ ಪರಿಣಾಮವೇ ಅದು. ಹಸಿರು ಲೇಸರ್ ಬಿಟ್ಟು, ಚದುರಿ ಬಂದ ಬೆಳಕನ್ನು ಬಿಡಿಸಿ ನೋಡಿದರೆ ಎರಡು ಶಿಖರ ಕಾಣುತ್ತವೆ. ಅವುಗಳ ನಡುವಿನ ಅಂತರ 25ರ ಹತ್ತಿರ ಇದ್ದರೆ ಗ್ಯಾರೇಜಿನ ದಪ್ಪ ಸರಕು. 20ಕ್ಕಿಂತ ಕೆಳಗಿಳಿದರೆ ಒಂದೇ ಹಾಳೆ. ಸಂಜೆ ಏಳು ಗಂಟೆಗೆ ಪರದೆಯ ಮೇಲೆ 19 ಬಂದಾಗ ಆ ಕೋಣೆಯಲ್ಲಿ ಯಾರಾದರೂ ಬಾದಾಮಿ ಹಾಲು ತರಿಸುತ್ತಾರೆ.

ಸರಿ, ಒಂದು ಹಾಳೆ ಬಂತು. ಇನ್ನು ಬೆರಕೆ. ಆವರ್ತ ಕೋಷ್ಟಕದಲ್ಲಿ ಮಾಲಿಬ್ಡಿನಮ್ಮಿನ ಎಡಮನೆಯಲ್ಲಿ ನಿಯೋಬಿಯಂ, ಅದಕ್ಕೆ ಒಂದು ಎಲೆಕ್ಟ್ರಾನು ಕಡಿಮೆ. ಬಲಮನೆಯ ಟೆಕ್ನೀಷಿಯಂ ವಿಕಿರಣಶೀಲ, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಅದರ ಕೆಳಗಿನ ಮನೆಯ ರೀನಿಯಂ, ಅದಕ್ಕೆ ಒಂದು ಹೆಚ್ಚು. ಮಾಲಿಬ್ಡಿನಮ್ ಕೂರಬೇಕಾದ ಜಾಗದಲ್ಲಿ ಇವುಗಳನ್ನು ಕೂರಿಸಬೇಕು. ನಿಯೋಬಿಯಂ ಆಕ್ಸೈಡ್ ಕರಗುವುದು 1500 ಡಿಗ್ರಿಯ ಆಸುಪಾಸಿನಲ್ಲಿ, ನಮ್ಮ ಕುಲುಮೆಗೆ ಅದು ಜಗ್ಗುವುದಿಲ್ಲ. ಆದ್ದರಿಂದ ನೀರಿನಲ್ಲಿ ಕರಗುವ ನಿಯೋಬಿಯಂ ಲವಣವನ್ನು ಪಿಪೆಟ್ಟಿನಲ್ಲಿ ಹನಿಸುತ್ತಾಳೆ. ಒಂದು ಹನಿ ಹೆಚ್ಚಾದರೆ ತ್ರಿಕೋನಗಳು ಗೆದ್ದಲು ತಿಂದ ಎಲೆಗಳಂತೆ ಕಾಣುತ್ತವೆ.

ಇಲ್ಲಿ ಸಿಲಿಕಾನಿನ ಕೋಟಿಗೊಂದು ಲೆಕ್ಕ ನಡೆಯುವುದಿಲ್ಲ. ಸಿಲಿಕಾನಿನ ಗಟ್ಟಿಯೊಳಗೆ ಹೊಸಬನ ಸುತ್ತ ಎಲ್ಲ ದಿಕ್ಕಿನಲ್ಲೂ ನೆರೆಹೊರೆ ಇದೆ. ಅವರೆಲ್ಲ ಅಡ್ಡ ನಿಂತು ಅವನ ಸೆಳೆತವನ್ನು ತಗ್ಗಿಸುತ್ತಾರೆ, ಹೀಗಾಗಿ ಅವನು ತಂದ ಎಲೆಕ್ಟ್ರಾನು ಕೋಣೆಯ ಬಿಸಿಗೇ ಬಿಡಿಸಿಕೊಂಡು ಓಡಾಡುತ್ತದೆ. ಒಂದೇ ಹಾಳೆಯಲ್ಲಿ ಮೇಲೂ ಬಯಲು, ಕೆಳಗೂ ಬಯಲು. ಸೆಳೆತ ತಗ್ಗಿಸುವವರು ಕಡಿಮೆ. ಎಲೆಕ್ಟ್ರಾನು ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲೇ ಸುತ್ತುತ್ತದೆ. ಆಗ ಸಾವಿರಕ್ಕೊಂದು, ಕೆಲವೊಮ್ಮೆ ನೂರಕ್ಕೊಂದು ಬೆರೆಸಬೇಕಾಗುತ್ತದೆ. ಅಷ್ಟು ಜನ ಹೊಸಬರು ಬಂದರೆ ಸಮನಾಗಿ ಹರಡಿ ಕೂರುವುದಿಲ್ಲ, ಗುಂಪುಗೂಡುತ್ತಾರೆ, ತ್ರಿಕೋನದ ಅಂಚಿಗೆ ಸರಿಯುವುದೂ ಉಂಟು. ಹರಿಯುವ ಎಲೆಕ್ಟ್ರಾನುಗಳಿಗೆ ಅವರೇ ಅಡ್ಡಗಲ್ಲು. ಇದರ ಮೇಲೆ ಗಂಧಕ ಬಿಟ್ಟುಹೋದ ಖಾಲಿ ಜಾಗಗಳು, ಮೇಲ್ಮೈಗೆ ಅಂಟುವ ತೇವ ಮತ್ತು ಆಮ್ಲಜನಕ. ಹಾಳೆಗೆ ಒಳಗು ಎಂಬುದೇ ಇಲ್ಲವಲ್ಲ, ಇರುವುದೆಲ್ಲ ಮೇಲ್ಮೈ. ಆಷಾಢದ ಗಾಳಿಯಲ್ಲಿ ಅಳೆದ ಸಂಖ್ಯೆ ಒಂದು, ನಿರ್ವಾತದಲ್ಲಿ ಅಳೆದದ್ದು ಇನ್ನೊಂದು. ನಮ್ಮ ಪಕ್ಕದ ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ, ಬೆಂಗಳೂರಿನ ಹೆಸರು ಹೊತ್ತ ವೀರಗಲ್ಲು ಕ್ರಿ.ಶ. 890ರ ಸುಮಾರಿನದು, ಇನ್ನೂ ಓದಲು ಬರುತ್ತದೆ. ಈ ಹಾಳೆಯನ್ನು ಹಾಗೇ ಗಾಳಿಗೆ ಬಿಟ್ಟರೆ ಕೆಲವು ತಿಂಗಳಲ್ಲಿ ಹುರುಕು ಹಿಡಿಯುತ್ತದೆ.

ದಾರಿ ಇಲ್ಲವೆಂದಲ್ಲ. ಹೊಸಬನನ್ನು ಮನೆಯೊಳಗೆ ಕರೆಯದೆ ಪಕ್ಕದ ಮನೆಯಲ್ಲಿ ಇರಿಸಿ, ಎಲೆಕ್ಟ್ರಾನನ್ನು ಮಾತ್ರ ಈ ಕಡೆ ಬರಮಾಡಿಕೊಳ್ಳುವ ಉಪಾಯವನ್ನು ಬೆಲ್ ಪ್ರಯೋಗಾಲಯದವರು ಬೇರೆ ಅರೆವಾಹಕಗಳಲ್ಲಿ 1978ರಲ್ಲೇ ಮಾಡಿ ತೋರಿಸಿದ್ದರು, ಬಾಳಿಗರು ಜಮೀನು ಹಿಡಿದ ವರ್ಷವೇ. ಪದರದ ವಸ್ತುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಹಾಳೆಗಳ ನಡುವೆ ಬೆಸುಗೆ ಇಲ್ಲದ ಕಾರಣ ಯಾವುದರ ಮೇಲೆ ಯಾವುದನ್ನು ಬೇಕಾದರೂ ಪೇರಿಸಬಹುದು. ಮುಂದಿನ ಹತ್ತು ವರ್ಷ ಗೆಲ್ಲುವುದು ಈ ಪಕ್ಕದಮನೆ ಬೆರಕೆಯೇ ಎಂದು ನನ್ನ ಅನ್ನಿಸಿಕೆ. ವಿದ್ಯಾರ್ಥಿನಿ ಒಪ್ಪುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಿಂದ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವಿದೆ. ಆ ಸಂಸ್ಥೆಯ 30 ವಿಜ್ಞಾನಿಗಳ ತಂಡ ಇಂಥ ಎರಡು ಆಯಾಮದ ವಸ್ತುಗಳಿಂದಲೇ ಚಿಪ್ ಮಾಡುವ ಪ್ರಸ್ತಾವವನ್ನು ಕೇಂದ್ರ ಸರ್ಕಾರದ ಮುಂದೆ ಇಟ್ಟಿರುವುದು 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಐದು ವರ್ಷಕ್ಕೆ ಅವರು ಕೇಳಿದ್ದು 500 ಕೋಟಿ ರೂಪಾಯಿ. 2021ರ ಡಿಸೆಂಬರಿನಲ್ಲಿ ದೇಶದ ಅರೆವಾಹಕ ಯೋಜನೆಗೆ ಘೋಷಿಸಿದ ಮೊತ್ತ 76,000 ಕೋಟಿ. ನೂರೈವತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಬೆರಕೆಗೆ ಯೋಚನೆ ಯಾಕೆ ಎಂದು ಅರೆವಾಹಕ ಓದಿದ ಯಾರಾದರೂ ಕೇಳಿಯಾರು.

ಹೊರಡುವ ಮುಂಚೆ ಅವಳ ದಪ್ಪ ನೋಟ್‌ಬುಕ್ಕು ತೆರೆದು ನೋಡಿದೆ. ರನ್ ಸಂಖ್ಯೆ, ತಾರೀಖು, ಆಕ್ಸೈಡಿನ ತೂಕ, ಗಂಧಕದ ತೂಕ, ನಿಯೋಬಿಯಂ ಎಷ್ಟು ಹನಿ, ಬಿಸಿ, ಅನಿಲದ ಹರಿವು, ಫಲಿತಾಂಶ. ಪುಟಗಟ್ಟಲೆ ಕೊನೆಯ ಅಂಕಣದಲ್ಲಿ ಒಂದೇ ಮಾತು: ಇಲ್ಲ. ಅದರಾಚೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ತಾನೇ ಎಳೆದ ಇನ್ನೊಂದು ಅಂಕಣ, "ಹೊರಗೆ" ಎಂದು ತಲೆಬರಹ. ಕೆಳಗೆ ಮಳೆ, ಜಡಿಮಳೆ, ಬಿಸಿಲು, ಮಂಜು. ನಮ್ಮಪ್ಪ ರಾಗಿ ಲೆಕ್ಕದ ಪುಸ್ತಕದಲ್ಲಿ ಹೀಗೇ ಬರೆದಿಡುತ್ತಿದ್ದರು. ಮುಚ್ಚಿದ ಕೊಳವೆಯೊಳಗಿನ ಕೆಲಸಕ್ಕೆ ಹೊರಗಿನ ಮಳೆ ಏನಮ್ಮ ಮಾಡುತ್ತೆ ಎಂದು ಕೇಳಿದೆ.

"ಲವಣ ತೇವ ಎಳೀಬಹುದು ಸಾರ್. ಅಥವಾ ಏನೂ ಇಲ್ಲದೆಯೂ ಇರಬಹುದು. ಗೊತ್ತಾಗೋವರೆಗೂ ಬರೀತೀನಿ" ಎಂದು ಕಿಟಕಿಯ ಪರದೆ ಸರಿಸಿ ನೋಡಿದಳು. ಅವತ್ತಿನ ಸಾಲಿಗೆ ಬರೆದಳು: ಮೋಡ, ಗಾಳಿ ಇಲ್ಲ.